ಇಳಿಜಾರಿನ ಋಣ

ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ನಾನಾಸಾಹೇಬ ಪೇಶ್ವೆಯವರು ಕಾತ್ರಜಿನ ಕೆರೆಯಿಂದ ಪುಣೆಯ ಪೇಠೆಗಳಿಗೆ ನೆಲದಡಿಯ ಕಾಲುವೆಯಲ್ಲಿ ನೀರು ತರಿಸಿದರು. ಶನಿವಾರವಾಡೆಗೂ ಬೀದಿಯ ತೊಟ್ಟಿಗಳಿಗೂ ಆ ನೀರನ್ನು ತಲುಪಿಸಿದ್ದು ಇಳಿಜಾರು ಮಾತ್ರ. ಇಳಿಜಾರಿಗೆ ರಜೆಯಿಲ್ಲ, ಬಿಲ್ಲಿಲ್ಲ, ಮಳೆಗಾಳಿಗೆ ತುಂಡಾಗುವ ತಂತಿಯೂ ಇಲ್ಲ. ಊರು ಬೆಟ್ಟಗಳ ಮೇಲಕ್ಕೆ ಹತ್ತಿದಂತೆ ನಾವು ಆ ಬಂಧುವನ್ನು ಬಿಟ್ಟು ಪಂಪನ್ನು ನಂಬಿದೆವು.

ಪುಣೆಯಲ್ಲಿರುವ ಕನ್ನಡಿಗರಿಗೆ ಗುರುವಾರದ ನೀರಿನ ಪ್ರಕಟಣೆಯ ಪರಿಚಯವಿದೆ. ಪರ್ವತಿ, ವಡಗಾಂವ, ಲಷ್ಕರ್ ಜಲಕೇಂದ್ರಗಳಲ್ಲಿ ವಿದ್ಯುತ್ ಮತ್ತು ಪಂಪುಗಳ ದುರಸ್ತಿ. ಆದ್ದರಿಂದ ಗುರುವಾರ ನೀರು ಬಂದ್, ಶುಕ್ರವಾರ ಬೆಳಿಗ್ಗೆ ತಡವಾಗಿ, ಕಡಿಮೆ ಒತ್ತಡದಲ್ಲಿ ಬರುವುದು. ಈ ಕೊನೆಯ ವಾಕ್ಯದಲ್ಲೇ ಇಡೀ ವಿಷಯದ ತಿರುಳಿದೆ. ಪಂಪು ನಿಂತೊಡನೆ ಮೈಲುಗಟ್ಟಲೆ ಕೊಳವೆಯಲ್ಲಿ ಸಾಗುತ್ತಿದ್ದ ನೀರು ಹಿಂದಕ್ಕೆ ಮರಳಲು ನೋಡುತ್ತದೆ. ಅದರ ಹೊಡೆತಕ್ಕೆ ಕವಾಟಗಳು ನಡುಗುತ್ತವೆ, ಕೊಳವೆ ಒಡೆಯುವುದೂ ಉಂಟು. ಕರೆಂಟು ಮರಳಿದ ಮೇಲೂ ಗಾಳಿಯನ್ನು ಹೊರದೂಡಿ, ಜಾಲವನ್ನು ಮೆಲ್ಲನೆ ತುಂಬಿಸಿ, ಎತ್ತರದ ಟ್ಯಾಂಕುಗಳಿಗೆ ಏರಿಸಬೇಕು. ವಿದ್ಯುತ್ತು ಅರ್ಧ ತಾಸು ಹೋದರೆ ನಲ್ಲಿ ಅರ್ಧ ದಿನ ಒಣಗುವುದು ಹೀಗೆ.

ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು, ನಷ್ಟವೇ ಇಲ್ಲವೆಂದುಕೊಂಡರೂ, ಕಾಲು ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ತು ಬೇಕು. ನಮ್ಮ ಬೆಂಗಳೂರಿಗೆ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಏರಿ ಬರುತ್ತಾಳೆ. 2022ರ ಸೆಪ್ಟೆಂಬರಿನಲ್ಲಿ ತೊರೆಕಾಡನಹಳ್ಳಿಯ ಪಂಪುಮನೆಗೆ ಮಳೆನೀರು ನುಗ್ಗಿ ಯಂತ್ರಗಳು ಮುಳುಗಿದಾಗ, ಜಲಾವೃತವಾಗಿದ್ದ ನಗರಕ್ಕೇ ಕುಡಿಯುವ ನೀರಿಲ್ಲದಾಯಿತು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಡೀಸೆಲ್ ಜನರೇಟರುಗಳು ಇದ್ದವು. ಆದರೆ ತಗ್ಗಿನಲ್ಲಿದ್ದ ಅವನ್ನು ಸಮುದ್ರವೇ ಬಂದು ಮುಳುಗಿಸಿತು. ಬದಲಿ ವಿದ್ಯುತ್ತು ಇದ್ದರೆ ಸಾಲದು, ಎಲ್ಲಿ ಕುಳಿತಿದೆ ಎಂಬುದೂ ಮುಖ್ಯ.

ಜನರೇಟರನ್ನು ಕೊಂಡು ಮೂಲೆಯಲ್ಲಿ ನಿಲ್ಲಿಸಿದ ಮಾತ್ರಕ್ಕೂ ಕೆಲಸ ಮುಗಿಯುವುದಿಲ್ಲ. ಸಾಮಾನ್ಯ ಮೋಟಾರು ನೇರವಾಗಿ ಚಾಲೂ ಆಗುವ ಕ್ಷಣದಲ್ಲಿ ತನ್ನ ನಿತ್ಯದ ಆರು ಪಟ್ಟಿನಷ್ಟು ಕರೆಂಟನ್ನು ಎಳೆಯುತ್ತದೆ. ಅದನ್ನು ತಾಳುವ ಯಂತ್ರ ಬೇಕು, ಇಲ್ಲವೇ ಮೋಟಾರುಗಳನ್ನು ಒಂದೊಂದಾಗಿ, ಮೆತ್ತಗೆ ಎಬ್ಬಿಸುವ ವ್ಯವಸ್ಥೆ ಬೇಕು. ಬ್ಯಾಟರಿ ಸತ್ತಿದ್ದರೆ ಟ್ಯಾಂಕು ತುಂಬ ಡೀಸೆಲ್ ಇದ್ದೂ ವ್ಯರ್ಥ. ಆದುದರಿಂದ ದೊಡ್ಡ ಕೇಂದ್ರಗಳು ಮೊದಲು ಎರಡು ಬೇರೆ ಬೇರೆ ಸಬ್‌ಸ್ಟೇಷನ್ನುಗಳಿಂದ ತಂತಿ ಎಳೆಸಿಕೊಳ್ಳಲು ನೋಡುತ್ತವೆ. ಜನರೇಟರು ಆಮೇಲಿನ ಆಸರೆ.

ಇಷ್ಟೂ ಶುದ್ಧ ನೀರಿನ ಮಾತು. ಕೊಳಚೆ ನೀರಿನ ಪಂಪಿನ ಕಥೆ ತಲೆಕೆಳಗು. ನಲ್ಲಿಯ ನೀರನ್ನು ಮೊದಲೇ ಟ್ಯಾಂಕಿನಲ್ಲಿ ಕೂಡಿಡಬಹುದು; ಕೊಳಚೆಯನ್ನು ಬರಬೇಡವೆಂದು ತಡೆಯಲಾಗದು. ಅದರ ಸಂಗ್ರಹಬಾವಿಯನ್ನು ಬಹಳ ದೊಡ್ಡದಾಗಿ ಕಟ್ಟುವಂತಿಲ್ಲ. ನಿಂತ ಕೊಳಚೆ ಕೊಳೆತು ವಿಷಗಾಳಿ ಹುಟ್ಟುತ್ತದೆ. ಹಾಗಾಗಿ ಪಂಪು ನಿಂತ ಸ್ವಲ್ಪ ಹೊತ್ತಿನಲ್ಲೇ ಬಾವಿ ತುಂಬಿ, ಉಕ್ಕಿ, ನಾಲೆಗಿಳಿದು ನದಿ ಸೇರುತ್ತದೆ. ನಲ್ಲಿ ಒಣಗಿದರೆ ಫೋನುಗಳು ಮೊಳಗುತ್ತವೆ. ಕೊಳಚೆ ನದಿಗಿಳಿದರೆ ಊರಿನವರಾರಿಗೂ ಸುದ್ದಿಯೇ ಮುಟ್ಟುವುದಿಲ್ಲ. ಇಲ್ಲಿಯೂ ಕೆಲಸ ಮಾಡುವುದು ಅದೇ ಇಳಿಜಾರು. ಆದರೆ ಈಗ ನಮ್ಮ ಪಾಪವನ್ನು ಹೊತ್ತು.

ನಾನಿರುವ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಹೊಸ ಜನರೇಟರಿಗೆ ಯಾವ ಯಾವ ಭಾರ ಜೋಡಿಸಬೇಕೆಂಬ ಚರ್ಚೆ ನಡೆದಿತ್ತು. ಲಿಫ್ಟಿಗೆ ಎಲ್ಲರ ಕೈ ಎದ್ದಿತು, ಕುಡಿಯುವ ನೀರಿನ ಪಂಪಿಗೆ ಎದ್ದಿತು, ಮೆಟ್ಟಿಲ ದೀಪಗಳಿಗೂ ಎದ್ದಿತು. ನೆಲಮಾಳಿಗೆಯ ಕೊಳಚೆ ಪಂಪಿನ ಸರದಿ ಬಂದಾಗ ಹಿರಿಯರೊಬ್ಬರು, “ಅದಕ್ಕೇನವಸರ? ಹೆಚ್ಚಾದದ್ದು ಹಿಂದಿನ ನಾಲೆಗೆ ಹೋಗುತ್ತದಲ್ಲ” ಎಂದರು. ಅವರು ಕೆಟ್ಟವರಲ್ಲ, ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡುವವರು. “ನಾಲೆಯಿಂದ ಎಲ್ಲಿಗೆ ಹೋಗುತ್ತದೆ, ಕಾಕಾ?” ಎಂದು ಕೇಳಿದೆ. “ಮುಠೆಗೆ” ಎಂದರು. ಅವರ ಭೂಗೋಳ ಅಲ್ಲಿಗೆ ಮುಗಿಯಿತು. ನನ್ನದು ಮುಗಿಯಲಿಲ್ಲ.

ಮುಠಾ ಸಂಗಮದಲ್ಲಿ ಮುಳೆಯನ್ನು ಕೂಡುತ್ತದೆ; ಮುಳಾ-ಮುಠಾ ಮುಂದೆ ಭೀಮೆಯನ್ನು ಸೇರುತ್ತದೆ. ಆ ನೀರು ಉಜನಿ ಜಲಾಶಯದಲ್ಲಿ ನಿಲ್ಲುತ್ತದೆ. ಮನೆಮನೆಗಳಲ್ಲಿ ಕನ್ನಡ ಕೇಳಿಬರುವ ಸೊಲ್ಲಾಪುರ ಕುಡಿಯುವುದು ಆ ಉಜನಿಯ ನೀರನ್ನೇ. ಅಲ್ಲಿಂದ ಪಂಢರಪುರ, ಬಳಿಕ ಇಂಡಿ, ಅಫಜಲಪುರ, ಗಾಣಗಾಪುರ, ಕೊನೆಗೆ ರಾಯಚೂರಿನ ಬಳಿ ಕೃಷ್ಣೆ. ದಾರಿಯಲ್ಲಿ ನದಿ ತನ್ನನ್ನು ತಾನು ಸಾಕಷ್ಟು ತೊಳೆದುಕೊಳ್ಳುತ್ತದೆ, ನಿಜ. ಆದರೆ ತೊಳೆಯುವ ದುಡಿಮೆಯನ್ನು ನಾವು ಅದರ ಮೇಲೆ ಹೇರಿದ್ದೂ ನಿಜ. ಅಫಜಲಪುರದ ಕಡೆ ಹೊಲ ಮಾಡಿಕೊಂಡಿರುವ ನನ್ನ ಚಿಕ್ಕಪ್ಪನ ಮಗ ಒಮ್ಮೆ ಫೋನಿನಲ್ಲಿ ಅಂದಿದ್ದ: “ಅಣ್ಣಾ, ನದಿಗಿ ನೀರು ಬಂದದಂದ್ರ ನಮಗ ಹಬ್ಬ. ಎಂಥಾ ನೀರು ಅಂತ ಕೇಳೋದು ಆಮ್ಯಾಲಿನ ಮಾತು.” ದೂರು ಹೇಳುವ ಧ್ವನಿಯಲ್ಲ ಅದು. ಅದಕ್ಕೇ ಮನಸ್ಸಿನಲ್ಲಿ ಉಳಿಯಿತು.

ಪುಣೆಗೆ ಇಂಥದ್ದರಲ್ಲಿ ಒಳ್ಳೆಯ ನೆನಪೊಂದಿದೆ. 2006ರಲ್ಲಿ ರಾಜ್ಯವೆಲ್ಲ ಲೋಡ್‌ಶೆಡ್ಡಿಂಗಿನಲ್ಲಿ ಬಳಲುತ್ತಿದ್ದಾಗ, ಇಲ್ಲಿನ ಕಾರ್ಖಾನೆಗಳು ಕೊರತೆಯ ಹೊತ್ತಿನಲ್ಲಿ ತಮ್ಮ ಸ್ವಂತ ಜನರೇಟರುಗಳನ್ನು ನಡೆಸಿ, ತಾವು ಬಳಸಬೇಕಿದ್ದ ವಿದ್ಯುತ್ತನ್ನು ಊರಿಗೆ ಬಿಟ್ಟವು. ಹೆಚ್ಚಿನ ಖರ್ಚನ್ನು ಬಳಕೆದಾರರು ಬಿಲ್ಲಿನಲ್ಲಿ ಹಂಚಿಕೊಂಡರು. ಬದಲಿ ವಿದ್ಯುತ್ತು ಒಬ್ಬೊಬ್ಬರ ಅಂಗಳದ ಆಸ್ತಿಯಲ್ಲ, ಊರು ಹಂಚಿಕೊಳ್ಳಬಹುದಾದ ಹೊರೆ ಎಂದು ಆಗ ತೋರಿಸಿದ್ದು ಇದೇ ಪುಣೆ.

ಕತ್ತಲಾದಾಗ ಯಾವುದು ಮೊದಲು ಉರಿಯಬೇಕು ಎಂಬ ಪಟ್ಟಿಯಲ್ಲಿ, ನಾವು ಯಾರನ್ನು ನಮ್ಮವರೆಂದು ಬಗೆದಿದ್ದೇವೆ ಎಂಬುದೂ ಬರೆದಿರುತ್ತದೆ. ಕೊಳಚೆ ಪಂಪಿಗೆ ಕೊಡುವ ಡೀಸೆಲ್ ನಮ್ಮ ಮನೆಯನ್ನು ಬೆಳಗುವುದಿಲ್ಲ, ಲಿಫ್ಟನ್ನು ಏರಿಸುವುದಿಲ್ಲ. ಅದರ ಫಲವೆಲ್ಲ ಕೆಳಗಿನ ಊರುಗಳಿಗೆ. ಹೊರನಾಡಿನಲ್ಲಿದ್ದು ತವರಿಗೆ ಏನನ್ನಾದರೂ ಕಳಿಸಬೇಕೆಂದು ನಾವೆಲ್ಲ ಹಂಬಲಿಸುತ್ತೇವೆ. ಪುಣೆಯಲ್ಲಿರುವವರು ಕೇಳದೆಯೂ ದಿನಾಲೂ ಒಂದನ್ನು ಕಳಿಸುತ್ತಿದ್ದೇವೆ. ಅದು ತಿಳಿಯಾಗಿ ಹೋಗಲಿ.