ಕಸಬರಿಗೆ ಹಿಡಿದ ವಿಜ್ಞಾನಿ

ಭರತಮುನಿಯು ರಸಗಳನ್ನೆಣಿಸುವಾಗ ಶೃಂಗಾರದ ಬೆನ್ನಿಗೇ ಹಾಸ್ಯವನ್ನಿರಿಸಿದನು. ಆದರೂ ವಿದ್ವತ್ತಿಗೂ ನಗೆಗೂ ಹಗೆತನವೆಂದು ಭಾವಿಸುವವರುಂಟು. ಅಂಥವರು ಅಮೆರಿಕದ ಇಗ್ ನೊಬೆಲ್ ಸಮಾರಂಭವನ್ನು ನೆನೆಯಬೇಕು. 1991ರಲ್ಲಿ ಮಾರ್ಕ್ ಅಬ್ರಹಾಮ್ಸ್ ಎಂಬವರು ಆರಂಭಿಸಿದ ಈ ಪುರಸ್ಕಾರವು, ಮೊದಲು ನಗಿಸಿ ಬಳಿಕ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆ ಸಲ್ಲುತ್ತದೆ. ಪ್ರಬಲವಾದ ಅಯಸ್ಕಾಂತದಿಂದ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದುದಕ್ಕಾಗಿ 2000ದಲ್ಲಿ ಇದಕ್ಕೆ ಪಾತ್ರರಾದ ಆಂದ್ರೆ ಗೈಮ್ ಅವರೇ 2010ರಲ್ಲಿ ಗ್ರಾಫೀನ್ ಕುರಿತ ಕಾರ್ಯಕ್ಕಾಗಿ ನಿಜವಾದ ನೊಬೆಲನ್ನೂ ಪಡೆದರು.

ಈ ಸಮಾರಂಭವು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಜರುಗುತ್ತಿದ್ದ ಕಾಲದಲ್ಲಿ ಪ್ರೇಕ್ಷಕರು ಕಾಗದದ ವಿಮಾನಗಳನ್ನು ಮಡಿಸಿ ವೇದಿಕೆಯತ್ತ ತೂರುತ್ತಿದ್ದರು. ಆ ಕಸವನ್ನು ಗುಡಿಸಲು ಕಸಬರಿಗೆ ಹಿಡಿದು ಬರುತ್ತಿದ್ದವರು ಅಲ್ಲಿಯ ಭೌತವಿಜ್ಞಾನದ ಪ್ರಾಧ್ಯಾಪಕರಾದ ರಾಯ್ ಗ್ಲೌಬರ್. ಬೆಳಕಿನ ಸ್ವಭಾವವನ್ನು ಕ್ವಾಂಟಂ ಸಿದ್ಧಾಂತದಿಂದ ವಿವರಿಸಿದುದಕ್ಕಾಗಿ 2005ರಲ್ಲಿ ಅವರಿಗೇ ನೊಬೆಲ್ ಪಾರಿತೋಷಕ ದೊರೆಯಿತು. ಆಗ ಅವರಿಗೆ 80 ವರ್ಷ. ಅನಂತರವೂ ಅವರು ಆ ಕಸಬರಿಗೆಯನ್ನು ಬಿಡಲಿಲ್ಲ.

ಕನ್ನಡ ನಾಡಿಗೆ ಈ ದೃಶ್ಯ ತೀರ ಅಪರಿಚಿತವಲ್ಲ. 12ನೆಯ ಶತಮಾನದ ಶರಣೆ ಸತ್ಯಕ್ಕನ ಕಾಯಕವು ಶಿವಭಕ್ತರ ಅಂಗಳವನ್ನು ಗುಡಿಸುವುದಾಗಿತ್ತು. ಆಕೆಯದು ಭಕ್ತಿ, ಗ್ಲೌಬರರದು ವಿನೋದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಕಸಬರಿಗೆಯಿಂದ ಹಿರಿತನ ಮಾಸುವುದಿಲ್ಲವೆಂಬುದನ್ನು ಎರಡೂ ಸಾರುತ್ತವೆ.

ತಪ್ಪೆಸಗಿದ ವಿದ್ಯಾರ್ಥಿಯ ಕೈಗೆ ಕಸಬರಿಗೆಯನ್ನು ದಂಡನೆಯಾಗಿ ಕೊಡುವ ರೂಢಿ ಶಾಲೆಗಳಲ್ಲಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಅದರಿಂದ ಬಾಲಕನು ಶಿಸ್ತನ್ನು ಕಲಿಯುವುದಿಲ್ಲ. ಗುಡಿಸುವುದು ಅವಮಾನವೆಂಬುದನ್ನು ಮಾತ್ರ ಕಲಿಯುತ್ತಾನೆ. ಕಾಯಕದ ಹಿರಿಮೆಯನ್ನು ತರಗತಿಯಲ್ಲಿ ಬೋಧಿಸಿ ಅಂಗಳದಲ್ಲಿ ಅಳಿಸಿದರೆ ಫಲವೇನು? ಗುರುಗಳೇ ಮೊದಲು ಕಸಬರಿಗೆ ಹಿಡಿದು ನಗುನಗುತ್ತ ಗುಡಿಸಿದ ದಿನ ಆ ತಪ್ಪು ಪಾಠ ತಾನಾಗಿ ತಿದ್ದಿಕೊಂಡೀತು.