ಹೆಂಜೇರಿನ ಹಾದಿಯಲ್ಲೊಂದು ಹಳೆಯ ಜೀಪು

ಶಿರಾ ಸೀಮೆಯಿಂದ ಅಮರಾಪುರದ ಕಡೆಗೆ ಹೊರಟ ಪ್ರಯಾಣಿಕನಿಗೆ ರಾಜ್ಯ ಬದಲಾದುದು ಅಂಗಡಿಯ ಫಲಕಗಳನ್ನು ಕಂಡಾಗಲೇ ತಿಳಿಯಬೇಕು. ಹೊಲಗಳಲ್ಲಿ ಅದೇ ಕಡಲೆಕಾಯಿ, ಅದೇ ಹಿಪ್ಪುನೇರಳೆ. ಜಗುಲಿಯ ಮೇಲೆ ಕುಳಿತವರ ಬಾಯಲ್ಲಿ ಅದೇ ಕನ್ನಡ. ಮಡಕಶಿರಾ ಸೀಮೆ ಕರ್ನಾಟಕದೊಳಕ್ಕೆ ಚಾಚಿಕೊಂಡ ಆಂಧ್ರದ ನೆಲ. ಅದರ ಅಂಚಿನಲ್ಲಿ, ಅಮರಾಪುರ ಮಂಡಲದೊಳಗೆ, ಹೇಮಾವತಿ ಇದೆ. ಅನಂತಪುರ ಜಿಲ್ಲೆ 2022ರ ಏಪ್ರಿಲ್‌ನಲ್ಲಿ ಒಡೆದಾಗ ರಾಯದುರ್ಗ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ಮಡಕಶಿರಾ ಪುಟ್ಟಪರ್ತಿಯನ್ನು ಕೇಂದ್ರವಾಗಿ ಉಳ್ಳ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹಿರಿಯರ ಮಾತಿನಲ್ಲಿ ಮಾತ್ರ ಇಂದಿಗೂ ಎಲ್ಲವೂ ಅನಂತಪುರವೇ.

ಹೇಮಾವತಿಯ ಪ್ರಾಚೀನ ಹೆಸರು ಹೆಂಜೇರು. ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಆಳಿದ ನೊಳಂಬ ಪಲ್ಲವರ ರಾಜಧಾನಿ ಇದು. ದೊಡ್ಡೇಶ್ವರನ ಗುಡಿಯ ಎದುರಿಗೆ ಮಲಗಿರುವ ನಂದಿಯ ಮೈಮೇಲೆ ಕೈಯಾಡಿಸಿದರೆ ಕಪ್ಪು ಕಲ್ಲಿನ ನುಣುಪು ಇನ್ನೂ ಬೆರಳಿಗೆ ಸಿಗುತ್ತದೆ. ಗೋಡೆಗಳ ಜಾಲಂಧ್ರಗಳಲ್ಲಿ ಬಳ್ಳಿಯ ಸುರುಳಿಗಳ ನಡುವೆ ದೇವತೆಗಳು ನಿಂತಿದ್ದಾರೆ. ಪಕ್ಕದ ಸಿದ್ಧೇಶ್ವರನ ಗುಡಿಯಲ್ಲಿ ಶಿವನಿಗೆ ಲಿಂಗರೂಪವಿಲ್ಲ. ಜಟಾಧಾರಿಯಾಗಿ, ಮನುಷ್ಯಾಕೃತಿಯಲ್ಲಿ ಕುಳಿತಿದ್ದಾನೆ. ಊರವರಿಗೆ ಅವನು ಹೆಂಜೇರಪ್ಪ. ಶಿವರಾತ್ರಿಗೆ ಎರಡೂ ರಾಜ್ಯಗಳ ಹಳ್ಳಿಗಳಿಂದ ಜನ ಬರುತ್ತಾರೆ.

ಇಲ್ಲಿನ ಕಂಬವೊಂದರ ಶಾಸನ ನೊಳಂಬರ ವಂಶಾವಳಿಯನ್ನು ತ್ರಿನಯನ ಪಲ್ಲವನಿಂದ ಆರಂಭಿಸಿ ಮಂಗಳ ನೊಳಂಬಾಧಿರಾಜ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ, ಅಯ್ಯಪದೇವ ಎಂದು ಸಾಲಾಗಿ ಹೇಳುತ್ತದೆ. ಈ ಊರಿನ ಕಲ್ಲುಗಳೆಲ್ಲ ಈ ಊರಿನಲ್ಲೇ ಉಳಿಯಲಿಲ್ಲ. ಹಲವು ಶಿಲ್ಪಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ; ನೊಳಂಬರ ಕಂಬಗಳು ಚೋಳರ ಕಾಲದಲ್ಲಿ ಕಾವೇರಿ ದಂಡೆಯ ತಿರುವಯ್ಯಾರಿನ ಗುಡಿಯನ್ನು ಸೇರಿದವು.

ಗುಡಿಯ ಬಯಲಿನ ಆಚೆ, ಹುಣಿಸೆಮರದ ನೆರಳಿನಲ್ಲಿ, ಒಂದು ಜೀಪು ನಿಲ್ಲುವುದುಂಟು. ತೊಂಬತ್ತರ ದಶಕದ ಮಹೀಂದ್ರ ಎಂಎಂ 540. ಇದರ ಕಥೆಯೂ ಗಡಿ ದಾಟಿದ ಕಥೆಯೇ. ಸಂಖ್ಯಾಫಲಕದ ಮೇಲೆ ತುಮಕೂರಿನ ಕೆಎ 06. ಈಗಿನ ಯಜಮಾನರು ಹಿಪ್ಪುನೇರಳೆ ಬೆಳೆಯುವ ರೈತರು. ಶಿರಾದ ಕಡೆಯವರೊಬ್ಬರಿಂದ ಕೊಂಡು ಎಷ್ಟೋ ವರ್ಷಗಳಾದವು. ಹಳ್ಳದ ಮರಳು, ಕೆರೆಯಂಗಳದ ಕೆಸರು, ತೋಟದ ಕೊರಕಲು ದಾರಿ, ಇವೆಲ್ಲಕ್ಕೂ ಇದೊಂದೇ ಗಾಡಿ. ಮುಂಜಾನೆ ಸೊಪ್ಪು ಹೊರುತ್ತದೆ, ಗೂಡು ಸಿದ್ಧವಾದಾಗ ಹಿಂದೂಪುರದ ಮಾರುಕಟ್ಟೆಗೆ ಹೋಗುತ್ತದೆ, ಶಾಲೆಯ ಹೊತ್ತಿಗೆ ಮನೆಯ ಮಕ್ಕಳನ್ನೂ ಅಕ್ಕಪಕ್ಕದ ಮಕ್ಕಳನ್ನೂ ಕನ್ನಡ ಶಾಲೆಗೆ ಬಿಟ್ಟುಬರುತ್ತದೆ. ಹತ್ತಿರದಲ್ಲಿ ಬೇರೆ ಮಾಧ್ಯಮದ ಶಾಲೆಯಿದ್ದರೂ ಮಗು ಕನ್ನಡದಲ್ಲೇ ಓದಲಿ ಎಂದು ಹಟ ಹಿಡಿದ ಮನೆಗಳಿಗೆ ದೂರ ಒಂದು ದಿನನಿತ್ಯದ ಸಂಗತಿ.

ಜೀಪು ಕಾರ್ಖಾನೆಯಿಂದ ಬಂದಂತೆ ಉಳಿದಿಲ್ಲ. ಕ್ಯಾನ್ವಾಸಿನ ಹೊದಿಕೆ ಹರಿದ ಮೇಲೆ ಕಬ್ಬಿಣದ ಆಂಗಲ್ ಬೆಸೆದು ತಗಡಿನ ಮಾಡು ಕೂಡಿಸಲಾಯಿತು. ಹಿಂದಿನ ಎದುರುಬದುರು ಬೆಂಚುಗಳು ಉದ್ದವಾದವು. ಅಗಲವಾದ ಟೈರು, ಮುಂದೆ ದಪ್ಪ ಕಬ್ಬಿಣದ ಗಾರ್ಡು. ಹಳೆಯ 2112 ಸಿ.ಸಿ. ಪ್ಯೂಜೊ ಎಂಜಿನ್ ಕೈಕೊಟ್ಟಾಗ ಗುಜರಿಗೆ ಬಂದಿದ್ದ ಬೊಲೆರೊ ಒಂದರ ಎಂಜಿನ್ ಇದರ ಹೊಟ್ಟೆ ಸೇರಿತು. ಗ್ಯಾರೇಜಿನ ಕೆಲಸ ಅಚ್ಚುಕಟ್ಟಾಗಿತ್ತು. ಆರ್.ಸಿ. ಪುಸ್ತಕಕ್ಕೆ ಮಾತ್ರ ಇದಾವುದೂ ಗೊತ್ತಿಲ್ಲ.

ವಿಮೆಯ ಅವಧಿ ಮುಗಿದಾಗ ಮೊದಲು ಕೇಳಿಬಂದ ಮಾತು ಪರಿಚಯದ ಏಜೆಂಟನದು: “ಅಣ್ಣಾ, ಥರ್ಡ್ ಪಾರ್ಟಿ ಹಾಕಿಬಿಡೋಣ. ಪೊಲೀಸಿನೋರು ಕೇಳಿದ್ರೆ ತೋರಿಸೋಕೆ ಕಾಗದ ಇರ್ತದೆ.”

ಸಲಹೆಯಲ್ಲಿ ಮೋಸವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ರಸ್ತೆಗಿಳಿಯುವ ಪ್ರತಿಯೊಂದು ವಾಹನಕ್ಕೂ ಅಷ್ಟು ವಿಮೆ ಕಡ್ಡಾಯ. ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಇದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ 1500 ಸಿ.ಸಿ. ಮೀರಿದ ಖಾಸಗಿ ಕಾರಿಗೆ ವರ್ಷಕ್ಕೆ 7,897 ರೂಪಾಯಿ, ಶೇ. 18ರ ಜಿ.ಎಸ್.ಟಿ. ಸೇರಿದರೆ 9,318. ಹಳೆಯ ಜೀಪಿಗೂ ಹೊಸ ದೊಡ್ಡ ಕಾರಿಗೂ ಇದೇ ಮೊತ್ತ. ಶಿರಾದಲ್ಲಿ ಕಟ್ಟಿದರೂ ಮಡಕಶಿರಾದಲ್ಲಿ ಕಟ್ಟಿದರೂ ಭೇದವಿಲ್ಲ. ಪಾಲಿಸಿ ಇಡೀ ದೇಶಕ್ಕೆ ಸಲ್ಲುತ್ತದೆ. ಆದ್ದರಿಂದ “ಎಲ್ಲಿ ಅಗ್ಗ?” ಎಂದು ಹತ್ತು ಕಚೇರಿ ಅಲೆಯುವುದು ಈ ಭಾಗದ ಮಟ್ಟಿಗೆ ವ್ಯರ್ಥ.

ಊರಿನ ನಿವೃತ್ತ ಮೇಷ್ಟ್ರೊಬ್ಬರು ಪಾಲಿಸಿಯ ಇಂಗ್ಲಿಷ್ ಸಾಲುಗಳ ಮೇಲೆ ಬೆರಳಿಟ್ಟು ಓದಿದಾಗ ಬೇರೊಂದು ಪ್ರಶ್ನೆ ಎದ್ದಿತು. “ಇದು ಎದುರಿಗೆ ಬರೋರಿಗಪ್ಪ. ಒಳಗೆ ಕೂತ ಮಕ್ಕಳಿಗೆ ಏನಿದೆ ಇದರಲ್ಲಿ?”

ಮೇಷ್ಟ್ರ ಸಂಶಯ ಸರಿಯಾದುದೇ ಆಗಿತ್ತು. ಖಾಸಗಿ ವಾಹನದಲ್ಲಿ ಹಣ ಕೊಡದೆ ಕುಳಿತು ಬರುವವರಿಗೆ ಕಾಯ್ದೆಯಷ್ಟರ ವಿಮೆ ಅನ್ವಯಿಸದು ಎಂಬ ನಿಲುವನ್ನು ಸುಪ್ರೀಂ ಕೋರ್ಟು ತಾಳಿದೆ. 2012ರಲ್ಲಿ ಬಾಲಕೃಷ್ಣನ್ ಎಂಬವರ ಪ್ರಕರಣದಲ್ಲಿ ಅದು ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿತು: ಪಾಲಿಸಿ ಕೇವಲ ಕಾಯ್ದೆಯದಾದರೆ ಒಳಗಿನವರಿಗೆ ರಕ್ಷಣೆಯಿಲ್ಲ, ಪ್ಯಾಕೇಜ್ ಪಾಲಿಸಿಯಾದರೆ ಇದೆ. ಅದಕ್ಕೂ ಮೊದಲೇ, 2009ರ ನವೆಂಬರಿನಲ್ಲಿ, ವಿಮಾ ನಿಯಂತ್ರಣ ಪ್ರಾಧಿಕಾರ ಪ್ಯಾಕೇಜ್ ಪಾಲಿಸಿಯ ಹೊಣೆಯಲ್ಲಿ ಖಾಸಗಿ ಕಾರಿನೊಳಗೆ ಕುಳಿತವರೂ ಸೇರುತ್ತಾರೆಂದು ಸುತ್ತೋಲೆ ಹೊರಡಿಸಿತ್ತು. ಜನರ ಮಾತಿನಲ್ಲಿ ಇದಕ್ಕೆ ‘ಫುಲ್ ಇನ್ಶೂರೆನ್ಸ್’ ಎಂದು ಹೆಸರು. ಗಾಡಿಯ ತಗಡು ನುಜ್ಜಾದರೆ ದುಡ್ಡು ಬರುವ ವಿಮೆ ಎಂದಷ್ಟೇ ಹೆಚ್ಚಿನವರು ಅದನ್ನು ತಿಳಿದಿದ್ದಾರೆ. ಮುಪ್ಪಾದ ಜೀಪಿನ ತಗಡಿಗೆ ಅಷ್ಟು ದುಡ್ಡೇಕೆ ಎಂದು ಕೈಬಿಡುತ್ತಾರೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ಅದರ ಬೆಲೆ ಇರುವುದು ತಗಡಿನಲ್ಲಲ್ಲ.

ಲೆಕ್ಕವೂ ಭಯಪಡುವಂಥದಲ್ಲ. ಐದು ವರ್ಷ ದಾಟಿದ ವಾಹನದ ಮೌಲ್ಯಕ್ಕೆ ಸಿದ್ಧ ಕೋಷ್ಟಕವಿಲ್ಲ. ಯಜಮಾನನೂ ಕಂಪನಿಯೂ ಮಾತಾಡಿ ಒಪ್ಪಿಕೊಂಡದ್ದೇ ಮೌಲ್ಯ. ಅದನ್ನು ಐಡಿವಿ ಎನ್ನುತ್ತಾರೆ. ಸ್ವಂತ ಹಾನಿಯ ದರಗಳು 2007ರಿಂದ ಕಂಪನಿಗಳ ಕೈಗೆ ಬಂದಿವೆ. ಹಳೆಯ ಸುಂಕಪಟ್ಟಿಯಲ್ಲಿ ಮಹಾನಗರಗಳ ಹೊರಗಿನ, ಹತ್ತು ವರ್ಷ ಮೀರಿದ ಇಂಥ ವಾಹನಕ್ಕೆ ಶೇ. ಮೂರೂವರೆಯ ಆಸುಪಾಸು ಇತ್ತು. ಅದನ್ನೇ ಅಳತೆಗೋಲಾಗಿ ಹಿಡಿದು ಜೀಪಿಗೆ 80,000 ರೂಪಾಯಿ ಮೌಲ್ಯ ಒಪ್ಪಿದರೆ ಸ್ವಂತ ಹಾನಿಯ ಭಾಗ ಸುಮಾರು 2,900; ತೆರಿಗೆ ಸೇರಿ 3,400. ಒಟ್ಟು ಕಂತು ಹನ್ನೆರಡೂಮುಕ್ಕಾಲು ಸಾವಿರದ ಹತ್ತಿರ. ಸಂತೆಯಲ್ಲಿ ಜೀಪಿನ ಬೆಲೆ ಇದಕ್ಕಿಂತ ಹೆಚ್ಚಿದ್ದೀತು. ಮೌಲ್ಯವನ್ನು ಮಿತವಾಗಿ ಒಪ್ಪಿಕೊಂಡರೆ ಗಾಡಿ ಹಾಳಾದಾಗ ಸಿಗುವ ಪರಿಹಾರ ಕಡಿಮೆಯಾಗುತ್ತದೆ, ನಿಜ. ಒಳಗೆ ಕುಳಿತವರ ಹೊಣೆ ಆ ಮೌಲ್ಯದೊಂದಿಗೆ ಕುಗ್ಗುವುದಿಲ್ಲ. ಅಗ್ಗದ ದಾರಿ ಎಂಬುದೊಂದು ಇದ್ದರೆ ಇದೇ.

ಆದರೆ ಹದಿನೈದು ವರ್ಷ ಮೀರಿದ ಗಾಡಿಗೆ ಪ್ಯಾಕೇಜ್ ಕೊಡಲು ಹಲವು ಕಂಪನಿಗಳು ಹಿಂಜರಿಯುತ್ತವೆ. ಕೊಡುವ ಕಂಪನಿಯೂ ತಪಾಸಣೆಗೆ ಮನುಷ್ಯನನ್ನು ಕಳಿಸುತ್ತದೆ. ಅವನು ಬಾನೆಟ್ ಎತ್ತಿ ಎಂಜಿನ್ ಸಂಖ್ಯೆ ನೋಡುತ್ತಾನೆ. ಹುಣಿಸೆಮರದ ಕೆಳಗಿನ ಜೀಪಿನ ಕಥೆ ಅಲ್ಲಿಗೆ ನಿಂತಿತು: ಎಂಜಿನ್ ಒಂದು, ಪುಸ್ತಕದಲ್ಲಿ ಇನ್ನೊಂದು.

ಯಾರೋ ವಿಂಟೇಜ್ ಎಂದು ನೋಂದಾಯಿಸಿದರೆ ಕಂತು ಅರ್ಧವಾಗುತ್ತದೆ ಎಂದರು. ಮಾತು ಅರ್ಧ ಸತ್ಯ. ವಿಂಟೇಜ್ ಕಾರಿಗೆ ಥರ್ಡ್ ಪಾರ್ಟಿ ಕಂತಿನಲ್ಲಿ ಶೇ. 50 ರಿಯಾಯಿತಿ ಇದೆ. ಆದರೆ 2021ರ ನಿಯಮದಂತೆ ಆ ಗಾಡಿ ಮೊದಲು ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಮೈಕಟ್ಟು, ಎಂಜಿನ್ ಮೂಲರೂಪದಲ್ಲೇ ಇರಬೇಕು, ನಿತ್ಯದ ಓಡಾಟಕ್ಕೆ ಬಳಸಬಾರದು. ಸೊಪ್ಪು ಹೊರುವ ಜೀಪಿಗೂ ಆ ಗೌರವಕ್ಕೂ ಸಂಬಂಧವಿಲ್ಲ.

ತಿದ್ದುಪಡಿಯ ವಿಷಯದಲ್ಲಿ ಕಾನೂನು ಕಟುವಾಗಿದೆ. ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 52ನೇ ಕಲಮು ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ ಒಂದೊಂದು ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆಯನ್ನು ಸೇರಿಸಿತು. ಎಂಜಿನ್ ಬದಲಾವಣೆಗೆ ದಾರಿ ಪೂರ್ತಿ ಮುಚ್ಚಿಲ್ಲ. ನೋಂದಣಿ ಅಧಿಕಾರಿಯ ಅನುಮತಿ ಬೇಕು, ಹೊಸ ಸಂಖ್ಯೆ ಆರ್.ಸಿ.ಯಲ್ಲಿ ಏರಬೇಕು. ಎಂಜಿನ್ ಎಲ್ಲಿಂದ ಬಂತು ಎಂಬುದಕ್ಕೆ ರಸೀದಿಯೂ ಬೇಕಾಗುತ್ತದೆ. ಗುಜರಿಯಂಗಡಿಯ ತುಂಡು ಚೀಟಿಯನ್ನು ಎಷ್ಟು ಜನ ಜೋಪಾನ ಮಾಡಿಟ್ಟಿರುತ್ತಾರೆ?

ಅದರ ಮೇಲೆ ಗಡಿಯ ತೊಡಕು. ಕೆಎ 06ರ ವಾಹನ ಆಂಧ್ರದಲ್ಲಿ ಹನ್ನೆರಡು ತಿಂಗಳು ಮೀರಿ ನೆಲೆಸಿದರೆ ಇಲ್ಲಿನ ನೋಂದಣಿ ಗುರುತು ಪಡೆಯಬೇಕು. ಅದಕ್ಕೆ ಮೂಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ. ಯಜಮಾನಿಕೆ ಹಿಂದಿನವರ ಹೆಸರಿನಲ್ಲೇ ಉಳಿದಿದ್ದರೆ ಅದೂ ವರ್ಗವಾಗಬೇಕು. ನೋಂದಣಿಯ ಮೊದಲ ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ, ನವೀಕರಣ. ಭಾಷೆಯ ಲೆಕ್ಕದಲ್ಲಿ ಒಂದೇ ಆಗಿರುವ ಎರಡು ಊರುಗಳು ಸಾರಿಗೆ ಕಚೇರಿಯ ಲೆಕ್ಕದಲ್ಲಿ ಬಲು ದೂರ. ಈ ಸೀಮೆಯ ಜನರಿಗೆ ಇದು ಹೊಸದೇನಲ್ಲ. ಜಾತಿ ಪ್ರಮಾಣಪತ್ರದಿಂದ ಕಾಲೇಜಿನ ಸೀಟಿನವರೆಗೆ ಇದೇ ಅಲೆದಾಟವನ್ನು ಕಂಡವರು.

ಇಷ್ಟೆಲ್ಲ ಮುಚ್ಚಿಟ್ಟು ಪಾಲಿಸಿ ಪಡೆಯಲು ಬರುವುದಿಲ್ಲವೇ? ಬರಬಹುದು. ಕಂತು ಕಟ್ಟುವ ದಿನ ಯಾರೂ ಅಡ್ಡ ಬರುವುದಿಲ್ಲ; ಪ್ರಶ್ನೆಗಳೆಲ್ಲ ಅಪಘಾತದ ಮರುದಿನ ಹುಟ್ಟುತ್ತವೆ. ಬಾಡಿಗೆಯ ವಿಷಯವೂ ಹಾಗೆಯೇ. ಖಾಸಗಿ ನೋಂದಣಿಯ ಗಾಡಿಯಲ್ಲಿ ಹಣ ಪಡೆದು ಜನರನ್ನು ಒಯ್ಯುವುದು ಪಾಲಿಸಿಯ ಷರತ್ತಿಗೆ ವಿರುದ್ಧ. ನೆರೆಮನೆಯವರು ತಿಂಗಳಿಗಿಷ್ಟೆಂದು ಡೀಸೆಲ್ಲಿಗೆ ಕೊಡುವ ಹಣ ವಿಶ್ವಾಸದ್ದೇ ಇರಬಹುದು. ನ್ಯಾಯಮಂಡಳಿಯಲ್ಲಿ ಕಂಪನಿಯ ವಕೀಲರು ಅದನ್ನು ಬಾಡಿಗೆ ಎಂದೇ ಕರೆದಾರು. ಆರ್.ಸಿ.ಯಲ್ಲಿ ಬರೆದ ಆಸನಗಳಿಗಿಂತ ಹೆಚ್ಚು ಮಕ್ಕಳನ್ನು ಉದ್ದನೆಯ ಬೆಂಚು ತಡೆದೀತು, ಪಾಲಿಸಿ ತಡೆಯದು.

ಮಕ್ಕಳನ್ನು ಇಂಥ ಗಾಡಿಗಳಲ್ಲಿ ಕಳಿಸುವ ತಂದೆತಾಯಿ ಗಾಡಿಯ ಯಜಮಾನನನ್ನು ಎರಡು ಮಾತು ಕೇಳಿದರೆ ಅದು ಅವಿಶ್ವಾಸವಾಗಲಾರದು: ಪಾಲಿಸಿ ಪ್ಯಾಕೇಜೋ ಬರೀ ಥರ್ಡ್ ಪಾರ್ಟಿಯೋ, ಪುಸ್ತಕದಲ್ಲಿ ಎಷ್ಟು ಸೀಟು. ಹತ್ತಿರದ ಸಂಬಂಧದಲ್ಲಿ ಇದನ್ನು ಕೇಳುವುದು ಮುಜುಗರದ್ದೇ. ಮೇಷ್ಟ್ರಂಥ ಹಿರಿಯರಿದ್ದರೆ ಕೆಲಸ ಹಗುರಾಗುತ್ತದೆ.

ಹುಣಿಸೆಮರದ ಕೆಳಗಿನ ಜೀಪಿನಿಂದ ಮೊದಲು ಮುಂಭಾಗದ ಕಬ್ಬಿಣದ ಗಾರ್ಡು ಇಳಿಯಿತು. ಆಮೇಲೆ ತಗಡಿನ ಮಾಡು ಹೋಗಿ ಕ್ಯಾನ್ವಾಸು ಬಂತು; ಬೆಂಚು ಹಳೆಯ ಅಳತೆಗೆ ಮರಳಿತು. ಹಳೆಯ ಪ್ಯೂಜೊ ಎಂಜಿನ್ ಇನ್ನೂ ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಬಿದ್ದಿತ್ತು. ಹೊಸದಕ್ಕೆ ಅನುಮತಿ ಬೇಡುವುದೋ, ಹಳೆಯದನ್ನೇ ರಿಪೇರಿ ಮಾಡಿಸಿ ಕೂಡಿಸುವುದೋ ಎಂಬ ಚರ್ಚೆ ಮನೆಯಲ್ಲಿ ಬಹಳ ದಿನ ನಡೆಯಿತು. ಕೊನೆಗೆ ಪುಸ್ತಕದಲ್ಲಿರುವ ಎಂಜಿನ್ನೇ ಗಾಡಿಯಲ್ಲಿರಲಿ ಎಂದು ತೀರ್ಮಾನವಾಗಿ, ಅದು ಟ್ರ್ಯಾಕ್ಟರಿನ ಟ್ರೇಲರ್ ಏರಿ ಶಿರಾದ ಮೆಕ್ಯಾನಿಕ್ಕಿನ ಬಳಿಗೆ ಹೋಯಿತು. ತುಮಕೂರಿಗೆ ನಿರಾಕ್ಷೇಪಣಾ ಪತ್ರದ ಅರ್ಜಿ ಹೋಗಿದೆ.

ಅಲ್ಲಿಯವರೆಗೆ ಜೀಪು ಹೊರಗೆ ಓಡಬಾರದೆಂದು ಮನೆಯೊಡತಿಯ ಕಟ್ಟಪ್ಪಣೆ. ಬೆಳಿಗ್ಗೆ ಮಕ್ಕಳು ಚೀಲ ಹೊತ್ತು ಗುಡಿಯ ಬಯಲು ದಾಟಿ ಬಸ್ಸಿನ ದಾರಿಗೆ ನಡೆಯುತ್ತಾರೆ. ಕಿರಿಯವನು ಜೀಪಿನ ಬಳಿ ಒಂದು ಗಳಿಗೆ ನಿಂತು ಹಾರನ್ ಒತ್ತುತ್ತಾನೆ. ಬ್ಯಾಟರಿ ಕಳಚಿಟ್ಟಿರುವುದರಿಂದ ಅದು ಕೂಗುವುದಿಲ್ಲ. ಅಕ್ಕ ಕೈಹಿಡಿದು ಎಳೆಯುತ್ತಾಳೆ. ಬಸ್ಸು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು.