ನಂಜನಗೂಡಿನ ಕೋತಿ ಕಲಿಸಿದ ಪಾಠ

ಪುಣ್ಯಕ್ಷೇತ್ರಕ್ಕೆ ಹೊರಡುವಾಗ ನೀವು ಏನೇನು ಕಟ್ಟಿಕೊಳ್ಳುತ್ತೀರಿ? ಹಣ್ಣು-ಕಾಯಿ, ಒಂದು ಜೊತೆ ಬಟ್ಟೆ, ಡಬ್ಬಿಯಲ್ಲಿ ಪುಳಿಯೋಗರೆ, ನೀರಿನ ಬಾಟಲಿ. ನಾನೂ ಅಷ್ಟನ್ನೇ ಕಟ್ಟಿಕೊಂಡಿದ್ದೆ. ಮನೆಯಲ್ಲೇ ಮರೆತು ಹೋದದ್ದು ಕೊಂಚ ಬುದ್ಧಿಯನ್ನು. ಅದನ್ನು ನಂಜನಗೂಡಿನಲ್ಲಿ ಒಂದು ಕೋತಿ ನನಗೆ ಕಲಿಸಿಕೊಟ್ಟಿತು.

ಹಿಂದಿನ ವರ್ಷ ನಮ್ಮ ಯಜಮಾನರು ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದರು. ಆಗ ನಮ್ಮ ಅತ್ತೆಯವರು ನಂಜುಂಡೇಶ್ವರನಿಗೆ ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ನೂರೊಂದು ರೂಪಾಯಿ ಮುಡಿಪು ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಅದನ್ನು ಒಪ್ಪಿಸಿ, ಹಾಗೇ ತಿರುಮಕೂಡಲಿನ ಸಂಗಮದಲ್ಲಿ ಮುಳುಗು ಹಾಕಿ ಬರಬೇಕೆಂದು ಅವರ ಆಸೆ. ಒಂದು ಸೋಮವಾರ ಬೆಳಿಗ್ಗೆ ಮೂವರೂ ಮೈಸೂರಿನಲ್ಲಿ ಬಸ್ಸು ಹತ್ತಿದೆವು. ನನಗೂ ಅತ್ತೆಯವರಿಗೂ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟು, ಯಜಮಾನರಿಗೆ ಮಾತ್ರ ಖರ್ಚು! ಸುಮಾರು 25 ಕಿಲೋಮೀಟರ್ ದಾರಿ, ಮಾತಾಡುತ್ತಾ ಆಡುತ್ತಾ ಬಂದೇ ಬಿಟ್ಟಿತು.

ನಂಜನಗೂಡು ಎಂದರೆ ನಿಮಗೆ ಗೊತ್ತೇ ಇದೆಯಲ್ಲ. ಕಪಿಲಾ ನದಿಯ ದಂಡೆ, ಎತ್ತರದ ಗೋಪುರ, ಒಳಗೆ ವಿಷ ಕುಡಿದು ಲೋಕ ಕಾಯ್ದ ನಂಜುಂಡ. ಟಿಪ್ಪು ಸುಲ್ತಾನನ ಆನೆಯ ಕಣ್ಣು ಇಲ್ಲಿ ವಾಸಿಯಾಯಿತೆಂದೂ, ಅವನು ಪಚ್ಚೆಯ ಲಿಂಗವನ್ನು ಒಪ್ಪಿಸಿ ಸ್ವಾಮಿಯನ್ನು 'ಹಕೀಮ್ ನಂಜುಂಡ' ಎಂದು ಕರೆದನೆಂದೂ ಐತಿಹ್ಯ. ಹಕೀಮ ಎಂದರೆ ವೈದ್ಯ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ದೇವಸ್ಥಾನದ ಹತ್ತಿರ ಒಬ್ಬಾಕೆ ರಸಬಾಳೆ ಮಾರುತ್ತಿದ್ದಳು. ಸೊರಗು ರೋಗ ಬಂದು ಈ ಬೆಳೆಯೇ ಕಡಿಮೆಯಾಗಿರುವಾಗ ಕಣ್ಣಿಗೆ ಬಿದ್ದರೆ ಬಿಡುವುದುಂಟೇ? ಆರು ಹಣ್ಣು ಕೊಂಡು, ಕಾಯಿ, ಊದುಬತ್ತಿ, ಮುಡಿಪು ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿ ಅತ್ತೆಯವರ ಕೈಗೆ ಕೊಟ್ಟೆ. ಮೊದಲು ಕಾಲು ತೊಳೆದು ಬರೋಣವೆಂದು ನದಿಯ ಕಡೆ ಹೊರಟೆವು.

ದಾರಿಯ ಗೋಡೆಯ ಮೇಲೆ ಒಂದು ತಾಯಿ ಕೋತಿ, ಹೊಟ್ಟೆಗೆ ಅವುಚಿಕೊಂಡ ಮರಿ. ಮರಿಯ ಪಿಳಿಪಿಳಿ ಕಣ್ಣು ನೋಡಿ ನನ್ನ ಕರುಳು ಚುರುಕ್ ಎಂದಿತು. ಕವರಿನಿಂದ ಒಂದು ಹಣ್ಣು ತೆಗೆದು ಕೊಟ್ಟೆ. ಅಷ್ಟೇ ನೋಡಿ! ಎಲ್ಲಿತ್ತೋ ಏನೋ, ದಪ್ಪನೆಯ ಗಡವ ಕೋತಿಯೊಂದು ದೊಪ್ಪನೆ ನೆಗೆದು ಅತ್ತೆಯವರ ಕೈಲಿದ್ದ ಕವರನ್ನೇ ಹಿಡಿಯಿತು. "ಅಯ್ಯೋ, ನನ್ನ ಮುಡಿಪು!" ಅಂತ ಅತ್ತೆ ಬಿಡಲಿಲ್ಲ. ಕೋತಿಯೂ ಬಿಡಲಿಲ್ಲ. ಎಪ್ಪತ್ತೆರಡು ವರ್ಷದ ಅತ್ತೆಗೂ ಕೋತಿಗೂ ಹಗ್ಗಜಗ್ಗಾಟ! ನಮ್ಮ ಯಜಮಾನರು ಕೊಡೆ ಬೀಸಿದರು, ಅದು ಹಲ್ಲು ಕಿಸಿದು ಗುರ್ ಎಂದಿತು. ನಾನು ಕಿರುಚಿದೆ. ಕಡೆಗೆ ಕವರು ಪರ್ರನೆ ಹರಿದು ಕಾಯಿ, ಮುಡಿಪು ನೆಲಕ್ಕೆ ಬಿದ್ದವು. ಕೋತಿ ಮಾತ್ರ ಐದು ರಸಬಾಳೆಯ ಸಮೇತ ಗೋಡೆ ಏರಿ, ನಮ್ಮನ್ನೇ ನೋಡುತ್ತಾ ಸಿಪ್ಪೆ ಸುಲಿಯತೊಡಗಿತು.

ಸುತ್ತಲಿದ್ದವರು ನಕ್ಕರು. ಮುಡಿಪು ಸಿಕ್ಕಿತೆಂದು ಅತ್ತೆಯೂ ನಕ್ಕರು. ಆಗಲೇ ನಾನು ಅವರ ಮಣಿಕಟ್ಟು ನೋಡಿದ್ದು. ಬಳೆಯ ಪಕ್ಕದಲ್ಲಿ ಎರಡು ಕೆಂಪು ಗೀರು. ರಕ್ತ ಬಂದಿರಲಿಲ್ಲ, ಚರ್ಮ ಮಾತ್ರ ತರಚಿತ್ತು.

"ಆಂಜನೇಯನ ಉಗುರು ಕಣೇ, ಏನೂ ಆಗಲ್ಲ. ಒಂದು ಚಿಟಿಕೆ ಅರಿಶಿನ ಹಚ್ಚಿದ್ರೆ ಆಯ್ತು" ಅಂದರು.

ನಿಜ ಹೇಳುತ್ತೇನೆ, ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅತ್ತೆಯವರ ಮಾತಿಗೆ ನಾಲ್ಕು ಜನರ ಎದುರು 'ಇಲ್ಲ' ಅಂದವಳಲ್ಲ ನಾನು. ಆದರೆ ನಾಯಿಯಂತೆ ಕೋತಿಯಿಂದಲೂ ರೇಬೀಸ್ ಬರಬಹುದು, ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧಿಯೇ ಇಲ್ಲ ಎಂದು ಓದಿದ್ದು ನೆನಪಾಯಿತು. ಸಂಗಮದ ಸ್ನಾನಕ್ಕೆಂದು ತಂದಿದ್ದ ಸೋಪು ತೆಗೆದು, ಅವರನ್ನು ನಲ್ಲಿಯ ಕೆಳಗೆ ಕೂರಿಸಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಗೀರು ತೊಳೆದೆ. ಆಮೇಲೆ "ಆಸ್ಪತ್ರೆಗೆ ಹೋಗಿಬರೋಣ ಅತ್ತೆ" ಅಂದೆ.

"ವೈದ್ಯನ ಬಾಗಿಲಿಗೇ ಬಂದು ಇನ್ನೊಬ್ಬ ವೈದ್ಯನ ಹತ್ರ ಹೋಗ್ತಾರಾ? ಮೊದಲು ದರ್ಶನ" ಎಂದು ಅತ್ತೆ ಹಟ ಹಿಡಿದರು. ಯಜಮಾನರು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

"ಆ ಹಕೀಮನೇ ನಮ್ಮನ್ನ ಆಸ್ಪತ್ರೆಗೆ ಕಳಿಸ್ತಿದಾನೆ ಅಂದ್ಕೊಳ್ಳಿ. ಮಗನಿಗೆ ಹುಷಾರಿಲ್ಲದಾಗ ಹರಕೆಯನ್ನೂ ಹೊತ್ತಿರಿ, ಡಾಕ್ಟರ ಹತ್ತಿರವೂ ಕಳಿಸಿದಿರಿ. ನಿಮಗೊಂದು ನ್ಯಾಯ, ಮಗನಿಗೊಂದು ನ್ಯಾಯವೇ?" ಅಂದುಬಿಟ್ಟೆ. ಗಂಟಲು ನಡುಗುತ್ತಿತ್ತು. ಅತ್ತೆ ಮುಖ ಊದಿಸಿಕೊಂಡೇ ಆಟೋ ಹತ್ತಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಗೀರು ನೋಡಿ ಅವತ್ತೇ ಚುಚ್ಚುಮದ್ದು ಕೊಟ್ಟರು. ಮತ್ತೆ 3, 7 ಮತ್ತು 28ನೇ ದಿನಕ್ಕೆ ಚೀಟಿ ಬರೆದುಕೊಟ್ಟರು. ಕಚ್ಚಿದ್ದರೆ ಅಥವಾ ರಕ್ತ ಬಂದಿದ್ದರೆ ಗಾಯದ ಸುತ್ತಲೂ ಇನ್ನೊಂದು ಬಗೆಯ ಮದ್ದು ಚುಚ್ಚಬೇಕಾಗುತ್ತಂತೆ. ಗಾಯಕ್ಕೆ ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಮೆತ್ತಬಾರದು, ಸೋಪು ಹಾಕಿ ತೊಳೆದದ್ದೇ ಒಳ್ಳೆಯದಾಯಿತು ಅಂದರು. ಅತ್ತೆ ನನ್ನ ಮುಖ ನೋಡಲಿಲ್ಲ. ನಂಜುಂಡನ ದರ್ಶನ ಮಾಡಿ ಮುಡಿಪು ಒಪ್ಪಿಸುವಾಗ ಮಾತ್ರ ಕಣ್ಣು ತುಂಬಿಕೊಂಡರು.

ಮಧ್ಯಾಹ್ನದ ಬಸ್ಸಿಗೆ ಟಿ. ನರಸೀಪುರಕ್ಕೆ ಬಂದೆವು. ಕಾವೇರಿ, ಕಪಿಲೆ, ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಸೇರುವ ಜಾಗ. 1989ರಿಂದ ಇಲ್ಲಿ ಕುಂಭಮೇಳ ನಡೆಯುತ್ತಿದೆ, 2025ರ ಫೆಬ್ರವರಿಯಲ್ಲೂ ನಡೆಯಿತು. ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ಹೆಗ್ಗಳಿಕೆಯ ಗುಂಜಾ ನರಸಿಂಹಸ್ವಾಮಿಯನ್ನು ನೋಡಿಕೊಂಡು, ಸಂಗಮದಲ್ಲಿ ಮಿಂದು, ಅಗಸ್ತ್ಯೇಶ್ವರನ ಗುಡಿಗೆ ಹೋದೆವು.

ಅಲ್ಲಿನ ಕಥೆ ಕೇಳಿ. ಅಗಸ್ತ್ಯರು ಲಿಂಗ ತರಲು ಹನುಮಂತನನ್ನು ಕಾಶಿಗೆ ಕಳಿಸಿದರಂತೆ. ಅವನು ಬರುವುದು ತಡವಾಗಿ, ಮುಹೂರ್ತ ಮೀರುತ್ತದೆಂದು ಮರಳಿನಲ್ಲೇ ಲಿಂಗ ಮಾಡಿ ಪ್ರತಿಷ್ಠೆ ಮಾಡಿಬಿಟ್ಟರು. ಬಂದು ನೋಡಿದ ಹನುಮಂತನಿಗೆ ಕೋಪ ನೆತ್ತಿಗೇರಿ ಮರಳಿನ ಲಿಂಗವನ್ನೇ ಕೀಳಹೋದನಂತೆ. ಕೊನೆಗೆ ಅವನು ತಂದ ಲಿಂಗವೂ ಹನುಮಂತೇಶ್ವರನಾಗಿ ನೆಲೆಸಿತು. ಕಥೆ ಕೇಳಿ ಅತ್ತೆ ನಕ್ಕು, "ನೋಡೇ, ಕೊಡ್ತೀನಿ ಅಂತ ಆಸೆ ಹುಟ್ಟಿಸಿ ಕೊಡದೇ ಇದ್ರೆ ಹನುಮಂತನಿಗೂ ಸಿಟ್ಟು ಬರುತ್ತೆ" ಅಂದರು.

ಆ ಮಾತು ನನಗೆ ನಾಟಿತು. ಆಸೆ ಹುಟ್ಟಿಸಿದವಳು ನಾನೇ ತಾನೇ? ತಲೆಯ ಮೇಲೆ ಟೊಪ್ಪಿಗೆಯಂತೆ ಕೂದಲಿರುವ ಈ ಕೋತಿಗಳು ನಮ್ಮ ದಕ್ಷಿಣದವೇ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೈಸೂರು ಸೀಮೆಯಲ್ಲಿ ಇವುಗಳ ಸಂಖ್ಯೆ 25 ವರ್ಷಗಳಲ್ಲಿ ಶೇಕಡ 65ಕ್ಕೂ ಹೆಚ್ಚು ಇಳಿದಿದೆ. ರಸ್ತೆ ಅಗಲ ಮಾಡಲು ಆಲ, ಅತ್ತಿಯ ಸಾಲುಮರ ಕಡಿದವರು ನಾವು. ಕವರಿನ ಸರಪರ ಸದ್ದು ಕೇಳಿದರೆ ಊಟ ಬಂತು ಎಂದು ಕಲಿಸಿದವರೂ ನಾವು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅನ್ನುತ್ತೇವೆ. ಇಲ್ಲಿ ಒರೆಸಿದವರು ನಾವೇ, ಕಳ್ಳ ಎಂಬ ಹೆಸರು ಮಾತ್ರ ಅದಕ್ಕೆ.

ಅದಕ್ಕೇ, ಸೋದರಿಯರೇ, ನನ್ನಂತೆ ಪಾಡು ಪಡಬೇಡಿ. ಹಣ್ಣು-ಕಾಯಿ ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಜಿಪ್ ಇರುವ ಬಟ್ಟೆಯ ಚೀಲದಲ್ಲಿಡಿ. ಮುಡಿಪು, ದುಡ್ಡು, ಮಾತ್ರೆ, ಆಧಾರ್ ಕಾರ್ಡು ಇವನ್ನು ತಿಂಡಿಯ ಜೊತೆ ಇಡಲೇಬೇಡಿ. ಕೋತಿಯ ಎದುರು ಚೀಲ ಬಿಚ್ಚಬೇಡಿ, ಅದರ ಕಣ್ಣಲ್ಲಿ ಕಣ್ಣಿಟ್ಟು ದುರುಗುಟ್ಟಬೇಡಿ. ಹಲ್ಲು ತೋರಿಸಿ ನಗುವುದೂ ಅದಕ್ಕೆ ಬೇರೆ ಅರ್ಥ ಕೊಡಬಹುದು. ಮಕ್ಕಳ ಕೈಲಿ ತಿಂಡಿ ಕೊಟ್ಟು ಮುಂದೆ ಬಿಡಬೇಡಿ. ಹಿಡಿದೇ ಬಿಟ್ಟರೆ ಎಳೆದಾಡದೆ ಬಿಟ್ಟುಬಿಡಿ, ಮೆಲ್ಲಗೆ ಹಿಂದೆ ಸರಿಯಿರಿ. ಹೋದ ವಸ್ತು ಹೋಗಲಿ, ಕೈ ಉಳಿಯಲಿ. ಗೀರಿದರೆ ಸೋಪು, ನೀರು, ಅವತ್ತೇ ಆಸ್ಪತ್ರೆ.

ಸಂಜೆ ಬಸ್ಸಿಗೆ ಕಾಯುತ್ತಾ ಅತ್ತೆಗೆ ತಪ್ಪೊಪ್ಪಿಕೊಂಡೆ. "ಮೊದಲು ಹಣ್ಣು ಕೊಟ್ಟವಳು ನಾನೇ ಅತ್ತೆ. ಅದಕ್ಕೇ ಅದು ಬಂತು."

"ನಾನೂ ನೋಡ್ದೆ ಬಿಡೇ" ಅಂದರು. ಬೆಳಗಿನಿಂದ ಗೊತ್ತಿದ್ದೂ ಮಗನ ಎದುರು ಒಂದು ಮಾತು ಆಡಿರಲಿಲ್ಲ!

ಅಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಮರದ ಮೇಲಿನ ಕೋತಿಗೆ ಬಿಸ್ಕತ್ತು ಚಾಚಿದಳು. ಅತ್ತೆ ಸೂಜಿ ಚುಚ್ಚಿದ ತೋಳು ತೋರಿಸಿ, "ಬೇಡ ಕಣವ್ವ, ನೀನು ಕೊಟ್ಟರೆ ನಾಳೆ ಇನ್ಯಾವುದೋ ಮುದುಕಿ ಸೂಜಿ ಚುಚ್ಚಿಸ್ಕೋಬೇಕು" ಅಂದರು. ಹುಡುಗಿ ಬಿಸ್ಕತ್ತನ್ನು ಚೀಲಕ್ಕೆ ಹಾಕಿಕೊಂಡಳು. ಉಳಿದ ಮೂರು ಚುಚ್ಚುಮದ್ದಿಗೂ ಅತ್ತೆಯವರೇ ನನಗಿಂತ ಮೊದಲು ಸೀರೆ ಉಟ್ಟು ತಯಾರಾಗಿ ಕೂತಿರುತ್ತಿದ್ದರು.